ದೊಡ್ಡ ಅಂಕಿಗಳ ಫೋನು

ಹೊರಬಾಗಿಲಿನ ಕೊಂಡಿ ಸರಿದ ಸಣ್ಣ ಸದ್ದಿಗೆ ನನಗೆ ಎಚ್ಚರವಾಯಿತು. ರಾತ್ರಿ ಹನ್ನೊಂದು ದಾಟಿತ್ತು. ಅತ್ತೆ ಒಳಗೆ ಬಂದು, ಹಿಮ ಮೆತ್ತಿದ ಬೂಟುಗಳನ್ನು ಕತ್ತಲಲ್ಲೇ ಕಳಚಿ ಒಲೆಯ ಪಕ್ಕ ಇಟ್ಟರು. ನಾನು ಎದ್ದು ಕೂತದ್ದು ಅವರಿಗೆ ಗೊತ್ತಾಯಿತು.

“ಮಲಗು ಮಗಳೇ. ಇವತ್ತೂ ಬರಲಿಲ್ಲ.”

ನನ್ನ ಗಂಡ ಎರ್ಮೆಕ್ ಕಟ್ಟಡದ ಕೆಲಸಕ್ಕೆಂದು ರಷ್ಯಾಕ್ಕೆ ಹೋಗಿ ಐದು ತಿಂಗಳಾಗಿತ್ತು. ನಾನು ಅಕ್ಕ ಎಂಬ ಅರ್ಥದಲ್ಲಿ ಎಜೆ ಎಂದು ಕರೆಯುವ ಪಕ್ಕದ ಮನೆಯ ಕಾಲಿಪಾಳ ಮೊಬೈಲಿಗೆ ಅವನು ಫೋನು ಮಾಡುತ್ತಿದ್ದ. ಪಾಳಿ ಮುಗಿಯುವುದು ತಡ. ಮಾಡುವ ದಿನವೂ ಗೊತ್ತಿಲ್ಲ. ಹಾಗಾಗಿ ಅತ್ತೆ ಸಂಜೆಯಾದರೆ ಆ ಮನೆಗೆ ಹೋಗಿ, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕಾಯುತ್ತ ಕೂರುತ್ತಿದ್ದರು. ಆ ಮನೆಯವರು ಹಾಸಿಗೆ ಹಾಸಿಕೊಂಡ ಮೇಲೂ ಕೂತಿರುತ್ತಿದ್ದರು. ಅವರಿಗೆ ಅರವತ್ತೊಂಬತ್ತು ವರ್ಷ.

ಮರುದಿನ ಕಾಲಿಪಾ ಎಜೆ ಹಾಲಿನ ಬಕೆಟ್ಟು ಹಿಂತಿರುಗಿಸಲು ಬಂದಳು.

“ನಿಮ್ಮತ್ತೆಗೆ ನಮ್ಮನೇಲೇ ಒಂದು ಹಾಸಿಗೆ ಹಾಕಿಬಿಡ್ತೀನಿ ಕಣೇ. ನನ್ನ ಗಂಡ ಗೊರಕೆ ಹೊಡೆಯೋದು ಈಗ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು!” ಎಂದು ನಕ್ಕಳು.

ನನಗೆ ನಾಚಿಕೆಯಾಯಿತು. “ಶನಿವಾರ ನಾರಿನ್ ಪಟ್ಟಣಕ್ಕೆ ಹೋಗಿ ಒಂದು ಫೋನು ತರ್ತೀವಿ ಎಜೆ.”

ಅವಳ ನಗು ನಿಂತಿತು. “ತನ್ನಿ. ಬೇಡ ಅನ್ನಲ್ಲ. ಆದ್ರೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಕೆಟ್ಟ ಸುದ್ದಿ ನನ್ನ ಮನೆಗೆ ಬಂದ್ರೆ ನಾನು ಬಾಯಿ ಮುಚ್ಕೊಂಡು ಹಿರಿಯರ ಹತ್ರ ಓಡ್ತೀನಿ. ನೇರ ಅವರ ಕಿವಿಗೇ ಬಂದ್ರೆ?”

ನಮ್ಮಲ್ಲಿ ಸಾವನ್ನು ಹಾಗೆ ಹೇಳುವುದಿಲ್ಲ. ತಾಯಿಯಾಗಲಿ ಹೆಂಡತಿಯಾಗಲಿ ಅದನ್ನು ಒಬ್ಬಳೇ ಕೇಳಬಾರದು. ಮೊದಲು ಹಿರಿಯರು ಎಲ್ಲೋ ಒಂದೆಡೆ ಸೇರುತ್ತಾರೆ. ಬೆಳಗಿನ ಹೊತ್ತು ಒಟ್ಟಿಗೆ ಬರುತ್ತಾರೆ. ಹೆಂಗಸರಿಬ್ಬರು ಬಂದು ಅವಳ ಬೆನ್ನ ಹಿಂದೆ ಕೂರುತ್ತಾರೆ, ಬಿದ್ದರೆ ಹಿಡಿಯಲು. ಆಮೇಲೆ ಒಬ್ಬರು ಸುತ್ತಿ ಬಳಸಿ ಮಾತು ತೆಗೆಯುತ್ತಾರೆ. ಅಲ್ಲಿಯವರೆಗೆ ಇಡೀ ಊರಿಗೆ ಗೊತ್ತಿದ್ದರೂ ಯಾರೂ ತುಟಿ ಬಿಚ್ಚುವುದಿಲ್ಲ.

ಕಾಲಿಪಾ ಎಜೆಯ ಮಾತು ನನ್ನನ್ನು ಬಿಡಲಿಲ್ಲ. ಎರ್ಮೆಕ್ ಹನ್ನೆರಡನೆಯ ಮಹಡಿಯ ಹೊರಗೋಡೆಗೆ ಗಾರೆ ಬಳಿಯುತ್ತಾನೆಂದು ನನಗೆ ಮಾತ್ರ ಗೊತ್ತಿತ್ತು. ಅತ್ತೆಗೆ ಒಳಗಿನ ಬಣ್ಣದ ಕೆಲಸ ಎಂದು ಹೇಳಿದ್ದೆವು. ಶನಿವಾರದ ಹೊತ್ತಿಗೆ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ಅತ್ತೆಯ ಕಣ್ಣಿಗೆ ಕಾಣದಷ್ಟು ಸಣ್ಣ ಅಂಕಿಗಳ ಫೋನು ಕೊಳ್ಳಬೇಕು. ಆಗ ಪ್ರತಿ ಕರೆಯನ್ನೂ ನಾನೇ ಎತ್ತಬೇಕಾಗುತ್ತದೆ. ನಾನು ಪಾಠ ಮಾಡಲು ಶಾಲೆಗೆ ಹೋಗುವಾಗ ಅದು ನನ್ನ ಚೀಲದಲ್ಲೇ ಇರುತ್ತದೆ.

ನಾರಿನ್ ಬಜಾರಿನಲ್ಲಿ ಫೋನಿನ ಅಂಗಡಿಯೆಂದರೆ ಒಂದು ಹಳೆಯ ಕಬ್ಬಿಣದ ಕಂಟೇನರು. ಒಳಗಿನ ಹುಡುಗಿ ಕೋಟಿನ ಮೇಲೆ ಶಾಲು ಹೊದ್ದು ಸೂರ್ಯಕಾಂತಿ ಬೀಜ ಬಿಡಿಸುತ್ತಿದ್ದಳು.

“ಯಾರಿಗೆ?” ಎಂದಳು.

“ನನಗೆ,” ಎಂದರು ಅತ್ತೆ.

“ಅಪಾ,” ಎಂದು ತಾಯಿಯನ್ನು ಕರೆಯುವಂತೆ ಕರೆದಳು ಹುಡುಗಿ. “ಹಾಡು ಕೇಳ್ತೀರಾ? ಫೋಟೋ ತೆಗೀತೀರಾ? ಇದರಲ್ಲಿ ಇಂಟರ್ನೆಟ್ಟೂ ಬರುತ್ತೆ.”

“ನನ್ನ ಮಗ ಮಾತಾಡ್ಬೇಕು, ನಾನು ಕೇಳ್ಬೇಕು. ಅದು ಬರುತ್ತಾ ಇದರಲ್ಲಿ?”

ಹುಡುಗಿ ನಕ್ಕು ಬಣ್ಣದ ಫೋನನ್ನು ಒಳಗಿಟ್ಟಳು. ಬದಲಿಗೆ ಎರಡನ್ನು ಮುಂದಿಟ್ಟಳು. ಒಂದು ತೆಳ್ಳಗೆ, ಅಂಕಿಗಳು ಅಕ್ಕಿಕಾಳಿನಷ್ಟು. ಇನ್ನೊಂದು ಸೋಪಿನ ಬಿಲ್ಲೆಯಂತೆ ದಪ್ಪಗೆ, ಅಂಕಿಗಳು ಹೆಬ್ಬೆರಳಗಲ. ನಾನು ತೆಳ್ಳನೆಯದನ್ನು ಎತ್ತಿಕೊಂಡೆ.

“ಇದೇ ಇರಲಿ ಅಪಾ. ಆ ದಪ್ಪದ್ದರ ಬ್ಯಾಟರಿ ಬೇಗ ಹಾಳಾಗುತ್ತಂತೆ.”

“ನಿನಗ್ಯಾರು ಹೇಳಿದ್ರು?”

“ಶಾಲೆಯಲ್ಲಿ.”

“ಯಾವ ಶಾಲೇಲಪ್ಪ ಇದನ್ನೆಲ್ಲ ಕಲಿಸ್ತಾರೆ!” ಎಂದಳು ಹುಡುಗಿ. “ಒಂದ್ಸಲ ಚಾರ್ಜು ಹಾಕಿದ್ರೆ ವಾರ ಬರುತ್ತೆ ಇದು. ನಮ್ಮಜ್ಜಿ ಹತ್ರ ಇದೇ ಇದೆ. ಕೊಟ್ಟಿಗೇಲಿ ಎರಡು ಸಲ ಸಗಣಿಗೆ ಬೀಳಿಸಿದ್ದಾರೆ, ಇನ್ನೂ ಮಾತಾಡ್ತಿದೆ.”

ಅತ್ತೆ ದಪ್ಪನೆಯದನ್ನು ಕೈಗೆ ತೆಗೆದುಕೊಂಡು ಒಂದೊಂದೇ ಅಂಕಿ ಒತ್ತಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಏನು ಮಾಡಲು ಹೊರಟಿದ್ದೆ ಎಂಬುದು ಅವರಿಗೆ ತಿಳಿಯಿತೋ ಏನೋ.

“ಮಗಳೇ, ಇಷ್ಟು ದಿನ ಕಂಡವರ ಮನೇಲಿ ಕೂತು ಕೇಳಿದೆ. ಇನ್ನು ನನ್ನ ಮಗನ ದನಿಗೆ ನಡುವೆ ಯಾರೂ ಬೇಡ. ನೀನೂ ಬೇಡ.”

ನಾನು ತೆಳ್ಳನೆಯದನ್ನು ಹುಡುಗಿಯ ಮುಂದೆ ವಾಪಸ್ಸಿಟ್ಟೆ.

ಸಿಮ್ಮಿನ ಸರದಿ ಬಂತು. ಹುಡುಗಿ ಮೂರು ಪ್ಲಾನು ಹೇಳಿದಳು. ಒಂದಕ್ಕೆ ದಿನದಿನವೂ ಹಣ ಕಡಿತ, ಎಷ್ಟು ಬೇಕಾದರೂ ಮಾತು. ಇನ್ನೊಂದು ಇಂಟರ್ನೆಟ್ಟಿನದು. ಮೂರನೆಯದಕ್ಕೆ ದಿನದ ಹಣವಿಲ್ಲ, ನಾವು ಮಾತಾಡಿದಷ್ಟು ನಿಮಿಷಕ್ಕೆ ಮಾತ್ರ. ಬರುವ ಕರೆಗೆ ಏನೂ ಇಲ್ಲ. ಮೂರು ತಿಂಗಳಿಗೊಮ್ಮೆ ಹಣ ತುಂಬಿಸದಿದ್ದರೆ ನಂಬರು ಹೋಗುತ್ತದೆ.

“ಮೂರನೆಯದು,” ಎಂದೆ. “ಅಪಾ ಯಾರಿಗೂ ಮಾಡಲ್ಲ. ಬರೋದು ಬಂದರೆ ಸಾಕು.”

ಹೀಗೆ ನನ್ನ ಬಾಯಿಂದಲೇ ಹೇಳಿದೆ. ನನ್ನ ಪಾಸ್‌ಪೋರ್ಟಿನ ಮೇಲೆ ಸಿಮ್ಮು ಬರೆಸಿ, ನಂಬರನ್ನು ಎರ್ಮೆಕ್‌ಗೆ ಕಳಿಸಿದೆ.

ಆ ಚಳಿಗಾಲ ಚೆನ್ನಾಗಿಯೇ ಹೋಯಿತು. ಅತ್ತೆ ತೋಳಿಲ್ಲದ ಕೋಟಿನ ಒಳಜೇಬಿಗೆ ಫೋನು ಹೊಲಿದಂತೆ ಇಟ್ಟುಕೊಂಡಿರುತ್ತಿದ್ದರು. ಅದು ಬಡಿದುಕೊಂಡರೆ ಹಾಲು ಕರೆಯುವುದನ್ನೂ ಬಿಟ್ಟು ಹಸಿರು ಗುಂಡಿ ಒತ್ತಿ, “ಟೋಪಿ ಹಾಕ್ಕೊಂಡಿದ್ದೀಯೇನೋ? ಸುಳ್ಳು ಹೇಳ್ಬೇಡ, ಗಾಳಿ ಕೇಳಿಸ್ತಿದೆ!” ಎಂದು ಊರಿಗೆಲ್ಲ ಕೇಳುವಂತೆ ಗದರುತ್ತಿದ್ದರು. ಕೊನೆಯ ಎರಡು ನಿಮಿಷ ನನಗೆ ಕೊಡುತ್ತಿದ್ದರು. ಆದರೂ ನಾನು ತರಗತಿಯಲ್ಲಿ ನಿಂತಿರುವಾಗಲೆಲ್ಲ ಆ ಜೇಬಿನ ಯೋಚನೆಯೇ.

ಮಾರ್ಚ್ ತಿಂಗಳ ಒಂದು ಮಂಗಳವಾರ ಶಾಲೆಯಿಂದ ಬಂದಾಗ ಅತ್ತೆ ಒಲೆಗೆ ಬೆರಣಿ ಹಾಕುತ್ತಿದ್ದರು.

“ಫೋನ್ ಬಂತಾ ಅಪಾ?”

“ಇಲ್ಲ. ಕೆಲಸ ಜಾಸ್ತಿ ಇರ್ಬೇಕು.” ಒಲೆಯ ಬಾಯಿ ಮುಚ್ಚಿ, “ಕೂರು. ಚಹಾ ಕುಡಿ,” ಎಂದರು. ಅತಿಥಿಗೆಂದು ತೆಗೆದಿಟ್ಟ ಕೆನೆಯನ್ನು ನನ್ನ ಬಟ್ಟಲಿಗೆ ಹಾಕಿದರು.

ಬುಧವಾರ ಅವರು ಹಿಟ್ಟು ಕಲಸಿ, ಎಣ್ಣೆ ಕಾಯಿಸಿ ಬೋರ್ಸೋಕ್ ಕರಿದರು. ನಮ್ಮಲ್ಲಿ ಗುರುವಾರ ಸಂಜೆ ಪ್ರತಿ ಮನೆಯಲ್ಲೂ ಸತ್ತವರ ಹೆಸರಿನಲ್ಲಿ ಎಣ್ಣೆಯ ಹೊಗೆ ಏಳುತ್ತದೆ, ಆ ವಾಸನೆ ಅವರಿಗೆ ಮುಟ್ಟುತ್ತದೆಂದು.

“ನಾಳೆ ಅಲ್ವಾ ಅಪಾ ಗುರುವಾರ?”

“ಹಿಟ್ಟು ಉಳಿದಿತ್ತು,” ಎಂದರು. ನಾನು ತಿನ್ನುವುದನ್ನು ನೋಡುತ್ತ ಕೂತರು. ತಾವು ಮುಟ್ಟಲಿಲ್ಲ. ಹಲ್ಲುನೋವಿರಬೇಕು ಎಂದುಕೊಂಡೆ. ಆ ರಾತ್ರಿ ನನ್ನ ತಲೆ ಬಾಚಿ ಎರಡು ಜಡೆ ಹೆಣೆದರು. ಮದುವೆಯಾದ ಮೊದಲ ವರ್ಷದ ನಂತರ ಅವರು ಹಾಗೆ ಮಾಡಿರಲಿಲ್ಲ.

ಗುರುವಾರ ಬೆಳಿಗ್ಗೆ ನಾರಿನ್‌ನಿಂದ ಮಾವನವರ ತಮ್ಮ ಶಾಮಿ ಬಂದರು, ಎಲ್ಲರೂ ಅಣ್ಣ ಎಂಬಂತೆ ಅಕೆ ಎನ್ನುವವರು. ಜೊತೆಗೆ ಮಸೀದಿಯ ಹಿರಿಯರು, ಹಿಂದೆ ಹೆಂಗಸರು. ಕಾಲಿಪಾ ಎಜೆ ನನ್ನ ಬೆನ್ನ ಹಿಂದೆ ಬಂದು ಕೂತಳು. ಆಗ ನನಗೆ ಅರ್ಥವಾಯಿತು.

ಶಾಮಿ ಅಕೆ ಅತ್ತೆಯ ಎದುರು ಮಂಡಿಯೂರಿದರು. “ಅತ್ತಿಗೆ, ನಮ್ಮ ಕೈಮೇಲಿದ್ದ ಹಕ್ಕಿ ಹಾರಿಹೋಯ್ತು. ಕಾಲಿಗೆ ಕಟ್ಟಿದ ದಾರ ಮಾತ್ರ ನಮ್ಮ ಕೈಲಿ ಉಳೀತು.”

ಅತ್ತೆ ಒಂದು ಕ್ಷಣ ಅವರ ಮುಖ ನೋಡಿದರು. ಆಮೇಲೆ ಎರಡು ಕೈಗಳಿಂದ ತೊಡೆ ಬಡಿದುಕೊಂಡು ಗೋಡೆ ನಡುಗುವಂತೆ ಕೂಗಿದರು. ನಾನು ಯಾರ ಕೈಗೆ ಬಿದ್ದೆನೋ ಗೊತ್ತಿಲ್ಲ.

ಎರ್ಮೆಕ್‌ನ ಶವದ ಪೆಟ್ಟಿಗೆ ಭಾನುವಾರ ಬಂತು. ಮಣ್ಣಾಯಿತು. ಬಂದವರೆಲ್ಲ ಶಾಮಿ ಅಕೆಯನ್ನು ಹೊಗಳಿದರು. “ಮನೇಲಿ ಫೋನಿದ್ದೂ ತಾಯಿ ಕಿವಿಗೆ ಬೀಳದ ಹಾಗೆ ಕಾದ್ರಲ್ಲ ಅಕೆ, ಹೀಗಿರ್ಬೇಕು ಹಿರಿಯರು,” ಎಂದರು. “ಬುಧವಾರ ಸುದ್ದಿ ಸಿಕ್ತು. ರಾತ್ರೋರಾತ್ರಿ ಎಲ್ಲರನ್ನೂ ಸೇರಿಸ್ದೆ,” ಎಂದರು ಅವರು.

ಏಳನೆಯ ದಿನ ಕಳೆದು ಮನೆ ಖಾಲಿಯಾಯಿತು. ಎರ್ಮೆಕ್‌ನ ಚೀಲ ಪೆಟ್ಟಿಗೆಯ ಜೊತೆ ಬಂದಿರಲಿಲ್ಲ. ರಷ್ಯಾದಲ್ಲಿ ಅವನ ಜೊತೆ ಒಂದೇ ಕೋಣೆಯಲ್ಲಿದ್ದ ಹುಡುಗ ಉಲುಕ್‌ನ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಕಳಿಸಿದ್ದರು. ಅತ್ತೆ ಮಲಗಿದ್ದಾಗ ಅವರ ಕೋಟಿನಿಂದ ಫೋನು ತೆಗೆದುಕೊಂಡೆ. ನಂಬರು ಒತ್ತುವಾಗ ಎಲ್ಲೋ ತಪ್ಪಿ, ಬಂದ ಕರೆಗಳ ಪಟ್ಟಿ ತೆರೆಯಿತು. ಅದರಲ್ಲಿ ಅದೇ ನಂಬರಿತ್ತು. ಹಿರಿಯರು ಮನೆಗೆ ಬರುವ ಎರಡು ದಿನ ಮೊದಲು, ಮಂಗಳವಾರ, ಮಧ್ಯಾಹ್ನ ಎರಡೂ ನಲವತ್ತು. ಆರು ನಿಮಿಷ.

ಕೊಟ್ಟಿಗೆಯ ಹಿಂದೆ ಹೋಗಿ ಫೋನು ಮಾಡಿದೆ.

“ಮಂಗಳವಾರ ನೀನು ಯಾರ ಹತ್ತಿರ ಮಾತಾಡಿದೆ ಉಲುಕ್?”

ಅತ್ತಿಗೆಯೆಂದು ನನ್ನನ್ನು ಜೆಂಗೆ ಎನ್ನುತ್ತ ಅವನು ಅಳತೊಡಗಿದ. “ಜೆಂಗೆ, ನಾನು ಮೊದಲು ಕೇಳ್ದೆ. ಮನೇಲಿ ಹಿರಿಯರು ಯಾರಾದ್ರೂ ಇದ್ದಾರಾ, ಅವರಿಗೇ ಕೊಡಿ ಅಂದೆ. ‘ಈ ಮನೆಗೆ ನಾನೇ ಹಿರಿಯಳು, ಹೇಳು’ ಅಂದ್ರು. ಅಮ್ಮ ಅಂತ ಗೊತ್ತಾಗ್ಲಿಲ್ಲ ನನಗೆ. ದನಿ ಅಷ್ಟು ಗಟ್ಟಿಯಾಗಿತ್ತು. ಹೇಳಿಬಿಟ್ಟೆ.”

“ಆಮೇಲೆ?”

“ಆಮೇಲೆ ಶಾಮಿ ಅಕೆ ನಂಬರ್ ಹೇಳಿದ್ರು, ನೆನಪಿಂದಲೇ. ‘ನಾಳೆ ಅವನಿಗೆ ಮಾಡು. ಇವತ್ತೇ ಬೇಡ. ನನಗೆ ಹೇಳಿದೆ ಅನ್ನೋದನ್ನ ಯಾರಿಗೂ ಬಿಡ್ಬೇಡ. ನನ್ನ ಸೊಸೆ ಈಗ ಶಾಲೆಯಿಂದ ಬರ್ತಾಳೆ. ಅವಳು ಇನ್ನೊಂದೆರಡು ದಿನ ಹಾಗೇ ಇರಲಿ’ ಅಂದ್ರು.”

ಗೋಡೆಗೆ ಒರಗಿ ನಿಂತೆ. ಎರಡು ಹಗಲು, ಎರಡು ರಾತ್ರಿ. ಅವರ ಬೆನ್ನ ಹಿಂದೆ ಯಾರೂ ಕೂತಿರಲಿಲ್ಲ. ನಾನು ಎದುರಿಗೇ ಇದ್ದೆ, ಕೆನೆ ಹಾಕಿದ ಚಹಾ ಕುಡಿಯುತ್ತ.

ಒಳಗೆ ಹೋದಾಗ ಅತ್ತೆ ಎದ್ದು ಕೂತಿದ್ದರು. ಖಾಲಿ ಜೇಬಿನ ಮೇಲೆ ಕೈಯಿತ್ತು.

“ಯಾರ ಹತ್ರ ಮಾತಾಡ್ತಿದ್ದೆ?”

ಶಾಮಿ ಅಕೆಗೆ ತಿಳಿದರೆ ತಲೆ ತಗ್ಗಿಸುತ್ತಾರೆ. ಊರಿಗೆ ತಿಳಿದರೆ ಆ ಹುಡುಗನನ್ನು ಬೈಯುತ್ತಾರೆ, ಫೋನು ತಂದ ನನ್ನನ್ನೂ ಬೈಯುತ್ತಾರೆ. ಅದಕ್ಕೆಲ್ಲ ನಾನು ಹೆದರಲಿಲ್ಲ. ನನಗೆ ಗೊತ್ತಾಯಿತೆಂದು ಇವರಿಗೆ ತಿಳಿದರೆ ಮಾತ್ರ, ಇವರು ನನಗೆ ಕೊಟ್ಟ ಆ ಎರಡು ದಿನಗಳನ್ನು ನಾನೇ ಹಿಂದಕ್ಕೆ ಎಸೆದಂತೆ.

“ಶಾಲೆಯವರ ಹತ್ತಿರ ಅಪಾ. ಯಾವಾಗ ಬರ್ತೀಯ ಅಂತ ಕೇಳ್ತಿದ್ರು,” ಎಂದೆ.

ಆ ಸಂಜೆ ಪಟ್ಟಿಯಿಂದ ಮಂಗಳವಾರದ ಕರೆಯನ್ನು ಅಳಿಸಿ, ಫೋನನ್ನು ಅವರ ಕೈಗೆ ಕೊಟ್ಟೆ. ಇದನ್ನು ಯಾರಿಗೂ ಹೇಳುವುದಿಲ್ಲ, ಅವರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿದೆ.