ಹಿಂದಕ್ಕೆ ಹೋದ ರೈಲು

ಗುಳೇದಗುಡ್ಡ ರೋಡ್ ಸ್ಟೇಶನ್ ದಾಟಿ ಬಾದಾಮಿಯ ಕಡೆ ಹೊರಟಿದ್ದ ಉಗಿಬಂಡಿ ಗುಡ್ಡದ ತಿರುವು ಕಳೆದು ನಿಂತಾಗ, ರೈಲುಪ್ರೇಮಿಗಳೆಲ್ಲ ಕ್ಯಾಮೆರಾ ಹಿಡಿದು ದಡಬಡನೆ ಇಳಿದರು. ಮೀಟರ್ ಗೇಜ್ ಹಳಿ ಕಿತ್ತುಹಾಕುವ ಮಾತು ಆಗಲೇ ಶುರುವಾಗಿತ್ತು. ಈ ದಾರಿಯಲ್ಲಿ ಹೊಗೆಯ ಎಂಜಿನ್ ಇನ್ನು ಕಾಣಸಿಗದೆಂದು ಹುಬ್ಬಳ್ಳಿ, ಪುಣೆಗಳಿಂದ ಬಂದವರು ಅವರು. ಜಾಗ ಗೊತ್ತುಮಾಡಿದ್ದು ಬಾಗಲಕೋಟೆಯ ಶಾಲಾ ಮಾಸ್ತರ ಶಂಕರಲಿಂಗ.

ಇಂಥ ಪ್ರವಾಸಗಳಲ್ಲಿ ಒಂದು ಪದ್ಧತಿಯುಂಟು. ಜನರನ್ನು ಇಳಿಸಿದ ರೈಲು ಹಿಂದಕ್ಕೆ ಹೋಗಿ ಮರೆಯಾಗುತ್ತದೆ. ಆಮೇಲೆ ಹೊಗೆ ಕಾರುತ್ತ ಭರದಿಂದ ಅವರೆದುರು ಹಾದುಹೋಗುತ್ತದೆ. ಬರೀ ಫೋಟೊಗಾಗಿ. ಆಗ ಹಳಿಯ ಹತ್ತಿರ ಯಾರೂ ಸುಳಿಯಕೂಡದು.

"ಮಾಸ್ತರ್ರ, ಹೊಗಿ ಎಷ್ಟು ಬಿಡ್ಲಿ?" ಡ್ರೈವರ್ ಇಬ್ರಾಹಿಂಸಾಬ ಮೇಲಿನಿಂದ ಕೇಳಿದ.

"ಬಾದಾಮ್ಯಾಗಿನ ಮಂಗ್ಯಾಗೋಳೆಲ್ಲ ಕೆಮ್ಮಬೇಕ್ರಿ!" ಎಂದ ಶಂಕರಲಿಂಗನ ಗೆಳೆಯ ವೀರೇಶ.

ರೈಲು ಹಿಂದಕ್ಕೆ ಸರಿದು ಗುಡ್ಡದಾಚೆ ಮರೆಯಾಯಿತು. ಎಲ್ಲರೂ ತಿರುವಿನತ್ತ ಮುಖಮಾಡಿ ಉಸಿರು ಹಿಡಿದರು. ಆ ಮೌನದಲ್ಲಿ ಶಂಕರಲಿಂಗನಿಗೆ ಬೆನ್ನ ಹಿಂದಿನಿಂದ ಹೆಣ್ಣುದನಿಯೊಂದು ಕೇಳಿತು.

"ಏಳಲೇ, ನಿನ್ನ ಹೆಣಾ ಎತ್ತಲಿ!"

ತಿರುಗಿ ನೋಡಿದ. ಜಾಲಿಕಂಟಿಯಾಚೆ, ಹಳಿ ಮತ್ತೊಮ್ಮೆ ಬಾಗುವಲ್ಲಿ, ಮೇವು ಹೇರಿದ ಚಕ್ಕಡಿಯೊಂದು ಅಡ್ಡ ನಿಂತಿತ್ತು. ಗಾಲಿ ಹಳಿಯ ಪಕ್ಕದ ಕಲ್ಲುಗಳಲ್ಲಿ ಸಿಕ್ಕಿತ್ತು, ಒಂದೆತ್ತು ಮೊಣಕಾಲೂರಿತ್ತು. ಮುದುಕಿ ಹಗ್ಗ ಜಗ್ಗುತ್ತಿದ್ದಳು.

"ಯವ್ವಾ, ರೈಲು ಬರಾಕತ್ತೈತಿ!"

"ಹೋತಲ್ಲೋ ತಮ್ಮಾ! ಈಗರ ಹಿಂದಕ್ಕ ಹೋತು, ನಾನ ನೋಡೀನಿ!"

ರೈಲು ಹೋಗುವತನಕ ಅವಳು ಕಾದಿದ್ದಳು. ಹೋದ ರೈಲು ಆ ಕ್ಷಣವೇ ತಿರುಗಿ ಬರುತ್ತದೆಂದು ಯಾರು ತಿಳಿದಾರು? ಜಾಗ ನೋಡಲು ಬಂದಾಗ ಈ ಬಂಡಿದಾರಿ ಶಂಕರಲಿಂಗನ ಕಣ್ಣಿಗೆ ಬಿದ್ದಿತ್ತು. ಅಲ್ಲೊಬ್ಬ ಕಾವಲಿರಬೇಕೆಂದು ಮಾತ್ರ ಹೊಳೆದಿರಲಿಲ್ಲ.

ಗುಡ್ಡದಾಚೆ ಸೀಟಿ ಕೂಗಿತು.

"ಎತ್ತು ಬಿಟ್ಟು ಈಕಡೆ ಬಾರಬೇ!"

"ಬಿಟ್ಟು ಎಲ್ಲಿ ಬರ್ಲೋ?" ಅವಳು ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

ಶಂಕರಲಿಂಗ ಎಂಜಿನ್ನಿನತ್ತ ಓಡಿದ, ಎರಡೂ ಕೈ ಬೀಸುತ್ತ. ಅವನನ್ನು ಕಂಡು ಕ್ಯಾಮೆರಾ ಹಿಡಿದು ಸಾಲಾಗಿ ನಿಂತವರೂ ಹುರುಪಿನಿಂದ ಕೈ ಬೀಸಿದರು. ಇಬ್ರಾಹಿಂಸಾಬ ತಲೆ ಹೊರಹಾಕಿ ತಾನೂ ಕೈ ಬೀಸಿದ. ಉದ್ದನೆಯ ಸೀಟಿ ಊದಿ ವೇಗ ಹೆಚ್ಚಿಸಿದ. ಹೊಗೆ ಇನ್ನಷ್ಟು ಕಪ್ಪಾಯಿತು.

ಶಂಕರಲಿಂಗನ ಕೈಗಳು ತಾವಾಗಿ ಕೆಳಗಿಳಿದವು. ಜಲ್ಲಿ ಹತ್ತಿ ಹಳಿಗಳ ನಡುವೆ ಹೋಗಿ ನಿಂತ.

"ಲೇ ಶಂಕ್ರ್ಯಾ, ಸರೀಲೇ! ಎಲ್ಲಾರ ಫೋಟೊ ಹಾಳ ಮಾಡಾಕತ್ತಿ!" ವೀರೇಶ ಒದರಿದ. ಮರುಕ್ಷಣ ಅವನ ದನಿ ಬದಲಾಯಿತು. "ಹುಚ್ಚ ಹಿಡದೈತೇನಲೇ ನಿನಗ!"

ಕಾಲಡಿ ಜಲ್ಲಿ ನಡುಗುತ್ತಿತ್ತು. ಸೀಟಿ ತುಂಡುತುಂಡಾಗಿ ಕಿರುಚಿತು. ಕೊನೆಗೆ ಬ್ರೇಕಿನ ಕರ್ಕಶ ಸದ್ದು ಕೇಳಿಸಿದಾಗ ಅವನು ಪಕ್ಕಕ್ಕೆ ಹಾರಿದ. ಗಾಲಿಗಳು ಕಿಡಿ ಹಾರಿಸುತ್ತ ಜಾರಿ ಮುಂದಕ್ಕೆ ಹೋದವು, ಜಾಲಿಕಂಟಿಯ ಕಡೆಗೆ. ಆಮೇಲೆ ಸದ್ದಿಲ್ಲ. ಅವನು ಮುಖ ಎತ್ತಲಿಲ್ಲ.

"ಈಗ ಎದ್ದೆಲ್ಲಾ, ಭಾಡ್ಯಾ!" ಮುದುಕಿ ಎತ್ತಿಗೆ ಬೈಯುತ್ತಿದ್ದಳು.

ಎಂಜಿನ್ ಚಕ್ಕಡಿಯ ಹತ್ತಿರವೇ ನಿಂತು ಬುಸುಗುಡುತ್ತಿತ್ತು. ಇಬ್ರಾಹಿಂಸಾಬ ಕೆಳಗಿಳಿದು ಬಂದ. "ಖುಷಿಲೆ ಕೈ ಬೀಸಾಕತ್ತೀರಿ ಅಂತ ತಿಳ್ದಿದ್ನೆಲ್ರಿ, ಮಾಸ್ತರ್ರ," ಎಂದಷ್ಟೇ ಹೇಳಿದ. ಅವರಿಬ್ಬರೂ ಮುದುಕಿಯೂ ಸೇರಿ ಗಾಲಿ ಎತ್ತಿ ಚಕ್ಕಡಿ ದಾಟಿಸಿದರು.

"ಹೋದ ಗಾಡಿ ತಿರುಗಿ ಯಾಕ ಬಂತು?" ಮುದುಕಿ ಕೇಳಿದಳು.

"ಫೋಟೊ ತಗಿಯಾಕಬೇ."

ಅವಳು ಅವನ ಮುಖವನ್ನೇ ನೋಡಿದಳು. ಹಿಂದಿನಿಂದ ಯಾರೋ ವೀರೇಶನಿಗೆ ಮೆಲ್ಲಗೆ ಹೇಳುತ್ತಿದ್ದರು: ಇನ್ನೊಮ್ಮೆ ಹಿಂದಕ್ಕೆ ಹೋಗಲು ಹೇಳಬಹುದಲ್ಲ, ಬೆಳಕು ಇನ್ನೂ ಚೆನ್ನಾಗಿದೆ.

"ಮತ್ತ ಬರ್ತೈತೇನೋ?"

"ಇಲ್ಲಬೇ. ಬರೂದಿಲ್ಲ," ಎಂದ ಶಂಕರಲಿಂಗ, ಹಿಂದಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ.

ಮುದುಕಿ ನಂಬಲಿಲ್ಲ. ಗಾಡಿ ನಿಜಕ್ಕೂ ಹೋಗುವುದನ್ನು ನೋಡಲು ಎತ್ತುಗಳ ಕೊರಳು ಹಿಡಿದು ಅಲ್ಲೇ ನಿಂತಳು. ಅವಳ ಪಕ್ಕದಲ್ಲಿ ಅವನೂ ನಿಂತ; ವೀರೇಶ ಕೂಗಿ ಕರೆದರೂ ರೈಲು ಹತ್ತಲಿಲ್ಲ.