ಸೊನ್ನೆ ಯೆನ್ ಕರೆಂಟಿನ ಸಂಸಾರ

ಇಗಾರಾಶಿ ಎಂಬ ಮನುಷ್ಯನನ್ನು ನಾನು ಮೊದಲು ನೋಡಿದ್ದು ಗಂಡಸರ ಕಕ್ಕಸಿನಲ್ಲಿ. ಅಲ್ಲಿ ಕಕ್ಕಸು ತೊಳೆಯುವವಳು ನಾನು, ನೆಲ ಒರೆಸುತ್ತಿದ್ದೆ. ಒದ್ದೆ ನೆಲದ ಮೇಲೆ ಬೂಟುಗಾಲಿನಲ್ಲೇ ಬಂದವನು ಕ್ಷಮಿಸಿ ಅನ್ನಲಿಲ್ಲ. ಜೇಬಿನಿಂದ ಒಂದು ಕಾರ್ಡು ತೆಗೆದು, ಎರಡೂ ಕೈಯಲ್ಲಿ ಹಿಡಿದು, ಬಗ್ಗಿ ಕೊಟ್ಟ. ನಿವೃತ್ತನಾಗಿ ಆರು ವರ್ಷವಾಗಿದ್ದರೂ ಅದರಲ್ಲಿ ‘ಮಾಜಿ ಉಪವಿಭಾಗ ಮುಖ್ಯಸ್ಥ’ ಎಂದಿತ್ತು. ಅದರ ಕೆಳಗೆ, ‘ಸಂಚಾರಿ ಜೀವನದ ವಿದ್ಯುತ್ ಸಲಹೆಗಾರ’. ಸಲಹೆ ಕೊಡೆಂದು ಅವನನ್ನು ಯಾರು ಕೇಳಿದ್ದರೋ ಗೊತ್ತಿಲ್ಲ. ಕಾರ್ಡನ್ನು ರಬ್ಬರ್ ಗ್ಲೌಸಿನ ಕೈಯಲ್ಲೇ ತೆಗೆದುಕೊಂಡೆ. ಅದಕ್ಕೆ ಅಷ್ಟು ಮರ್ಯಾದೆ ಸಾಕಿತ್ತು.

ಜಪಾನಿನ ಉತ್ತರ ತುದಿ ಹೊಕ್ಕೈಡೊದ ನಮ್ಮ ಹೆದ್ದಾರಿ ತಂಗುದಾಣಕ್ಕೆ ಬೇಸಗೆ ಬಂತೆಂದರೆ ಇಂಥವರದೇ ಕಾಟ. ದಕ್ಷಿಣದ ಸೆಕೆ ತಡೆಯದೆ ಗಂಡ ಹೆಂಡತಿ ಮನೆಗಾಡಿ ಹತ್ತಿ ಬರುತ್ತಾರೆ. ಗಾಡಿಯೊಳಗೆ ಹಾಸಿಗೆ, ಒಲೆ, ಫ್ರಿಜ್ಜು, ಟೀವಿ ಎಲ್ಲಾ ಉಂಟು. ಆ ದುಡ್ಡಿಗೆ ನಮ್ಮೂರಲ್ಲಿ ಎರಡು ಮನೆ ಬರುತ್ತವೆ. ದಣಿದವರು ಒಂದು ರಾತ್ರಿ ತಂಗಿ ಹೋಗಲೆಂದು ಬಿಟ್ಟ ಜಾಗದಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟು, ಅನ್ನದ ಪಾತ್ರೆ ತಂದು ನನ್ನ ಕೈತೊಳೆಯುವ ಬೇಸಿನ್ನಿನಲ್ಲಿ ತೊಳೆಯುತ್ತಾರೆ. ಕಕ್ಕಸಿನ ಪ್ಲಗ್ಗಿಗೆ ಕೆಟಲ್ ಸಿಕ್ಕಿಸಿ ಚಹಾಕ್ಕೆ ನೀರು ಕಾಯಿಸಿದ ಮಹಾನುಭಾವರೂ ಇದ್ದಾರೆ. ಆಮೇಲೆ ಎಲ್ಲ ಪ್ಲಗ್ಗಿಗೂ ಬೀಗದ ಮುಚ್ಚಳ ಹಾಕಿಸಿದೆವು.

ಇಗಾರಾಶಿ ಈ ಗುಂಪಿಗೆ ಗುರು. ಅವನ ಗಾಡಿಯ ಬೆನ್ನಿಗೆ ಬಿಳಿ ಹಲಗೆ, ಅದರಲ್ಲಿ ‘ಈ ತಿಂಗಳ ಕರೆಂಟು ಖರ್ಚು: 0 ಯೆನ್’. ನೆತ್ತಿಯ ಮೇಲೆ ಮೂರು ಸೋಲಾರ್ ಫಲಕ, ಸೀಟಿನ ಕೆಳಗೆ ಬ್ಯಾಟರಿ. ಫ್ರಿಜ್ಜು ದಿನಕ್ಕೆಷ್ಟು ತಿನ್ನುತ್ತದೆ, ಫ್ಯಾನೆಷ್ಟು, ಅನ್ನದ ಕುಕ್ಕರಿಗೆ ಬದಲು ಗ್ಯಾಸಿನ ಮೇಲೆ ಮಡಕೆ ಇಟ್ಟರೆ ಎಷ್ಟು ಉಳಿಯುತ್ತದೆ, ಮೋಡ ಕವಿದ ದಿನ ಟೀವಿಯನ್ನು ಯಾವ ಹೊತ್ತಿಗೆ ಆರಿಸಬೇಕು, ಎಲ್ಲಾ ಅವನಿಗೆ ಬಾಯಿಪಾಠ. ರಸ್ತೆಯಾಚೆ ಪ್ಲಗ್ಗಿನ ಸೌಕರ್ಯವಿರುವ ಬಾಡಿಗೆ ಜಾಗವಿದೆ. ಅಲ್ಲಿ ನಿಲ್ಲುವವರನ್ನು ಕಂಡರೆ ಅವನಿಗೆ ಕನಿಕರ. ದಿನಾ ಮಧ್ಯಾಹ್ನ ಊಟ ಮುಗಿಸಿ ಪಕ್ಕದ ಬಿಸಿನೀರಿನ ಸ್ನಾನದ ಮನೆಗೆ ಹೋಗಿ, ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿ, ಉಳಿದ ಬೋಳುತಲೆಗಳಿಗೆ ಒಂದೂವರೆ ಗಂಟೆ ಇದನ್ನೇ ಬೋಧಿಸುತ್ತಿದ್ದ. ಸ್ನಾನಕ್ಕೆ ಐನೂರು ಯೆನ್ ಕೊಡುತ್ತಿದ್ದನಲ್ಲ, ಅದು ಕರೆಂಟಿನ ಲೆಕ್ಕಕ್ಕೆ ಬರುವುದಿಲ್ಲವಂತೆ.

ಅವನ ಹೆಂಡತಿ ಫುಸಾಕೊ ಗಾಡಿಯಲ್ಲೇ ಉಳಿಯುತ್ತಿದ್ದಳು. ಗಾಡಿಯಲ್ಲಿ ಏಸಿ ಇತ್ತು, ಆದರೆ ಅದನ್ನು ಹಾಕಿದರೆ ಬ್ಯಾಟರಿಯ ಅಂಕಿ ಇಳಿಯುತ್ತದೆ. ಅಂಕಿ ಇಳಿದದ್ದು ಗಂಡನ ಫೋನಿಗೇ ಗೊತ್ತಾಗುತ್ತದೆ. ಆ ಆಗಸ್ಟಿನಲ್ಲಿ ನಮ್ಮ ಕಡೆಯೂ ಮೂವತ್ನಾಲ್ಕು ಡಿಗ್ರಿ ಮುಟ್ಟಿತ್ತು. ಬೋಳು ಬಯಲಿನಲ್ಲಿ ನಿಂತ ಆ ತಗಡಿನ ಪೆಟ್ಟಿಗೆಯೊಳಗೆ ಎಷ್ಟಿತ್ತೋ. ನಾನು ಆಗ ಅದನ್ನು ಯೋಚಿಸಲಿಲ್ಲ. ಆಕೆಯೂ ಆ ಗುಂಪಿನವಳೇ ಎಂದು ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದೆ.

ನನ್ನ ಚಿಂತೆ ಹತ್ಸುಯೆಯದಾಗಿತ್ತು. ಹತ್ಸುಯೆ ತಂಗುದಾಣದ ಬಾಗಿಲ ಪಕ್ಕ ಆಲೂಗೆಡ್ಡೆಯ ಬಿಲ್ಲೆ ಸುಟ್ಟು ಮಾರುತ್ತಾಳೆ. ಹಿಮ ಬಿದ್ದ ಮೇಲೆ ಅಂಗಡಿ ಇಲ್ಲ, ಬೇಸಗೆಯ ನಾಲ್ಕು ತಿಂಗಳು ದುಡಿದದ್ದನ್ನೇ ವರ್ಷವಿಡೀ ತಿನ್ನಬೇಕು. ಗಂಡ ಸತ್ತ ಮೇಲೆ ಆಕೆಗಿರುವುದು ಆ ಅಂಗಡಿಯೊಂದೇ. ಜುಲೈ ಕೊನೆಯಲ್ಲಿ ಒಂದು ಮಧ್ಯಾಹ್ನ ಅವಳ ಫ್ರೀಜರಿನ ಸಾಲಿನ ಸ್ವಿಚ್ಚು ಟ್ರಿಪ್ ಆಗಿ, ಅದೇ ಸಾಲಿನಲ್ಲಿದ್ದ ತಂಗುದಾಣದ ಹಾಲಿನ ತಂಪುಪೆಟ್ಟಿಗೆಯೂ ಆರಿತು. ಎರಡು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಹಾಲೆಲ್ಲಾ ಒಡೆಯಿತು. ಮ್ಯಾನೇಜರ್ ಹೊರಿಗುಚಿ ತನಿಖೆಯೆಂದು ಫ್ರೀಜರನ್ನು ಬೆರಳಿನಿಂದ ಎರಡು ಸಲ ತಟ್ಟಿ, ಇದು ಹಳೆಯದು, ಇನ್ನೊಮ್ಮೆ ಹೀಗಾದರೆ ಓಬೊನ್ ಹಬ್ಬದ ರಜೆಗೆ ಮೊದಲೇ ಅಂಗಡಿ ಖಾಲಿ ಮಾಡಬೇಕು ಎಂದುಬಿಟ್ಟ. ಅವನಿಗೆ ತಿಳಿದ ಎಲೆಕ್ಟ್ರಿಕ್ ವಿದ್ಯೆ ಅಷ್ಟೇ.

ಹತ್ಸುಯೆ ತಲೆ ತಗ್ಗಿಸಿ ಹೂಂ ಅಂದಳು. ನನಗೆ ಮೈ ಉರಿಯಿತು. ಫ್ರೀಜರ್ ಹಳೆಯದಾದರೂ ಗಟ್ಟಿ, ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಕೈ ಕೊಟ್ಟಿರಲಿಲ್ಲ. ಮನೆಗಾಡಿಯವರಲ್ಲಿ ಯಾರೋ ಕರೆಂಟು ಕದಿಯುತ್ತಿದ್ದಾರೆ ಎಂದು ನಾನು ಅವತ್ತೇ ತೀರ್ಮಾನಿಸಿದೆ. ಯಾರು ಎಂಬುದನ್ನೂ ತೀರ್ಮಾನಿಸಿಯಾಗಿತ್ತು. ಸೊನ್ನೆ ಯೆನ್ ಎಂದು ಹಲಗೆ ತಗುಲಿಸಿಕೊಂಡವನಲ್ಲದೆ ಇನ್ಯಾರು?

ಆಮೇಲೆ ಒಂದು ವಾರ ಏನೂ ಆಗಲಿಲ್ಲ. ಆದರೂ ನಾನು ಕಣ್ಣಿಟ್ಟೇ ಇದ್ದೆ. ಒಂದು ಸೋಮವಾರ ಮಧ್ಯಾಹ್ನ ಚೆಂಡುಹೂವಿನ ಪಾತಿಯಲ್ಲಿ ಸಿಗರೇಟು ತುಂಡು ಹೆಕ್ಕುತ್ತಿದ್ದಾಗ ಮಣ್ಣಿನಡಿ ಕಿತ್ತಳೆ ಬಣ್ಣದ ವೈರು ಕಂಡಿತು. ಒಂದು ತುದಿ ನೇರ ಇಗಾರಾಶಿಯ ಗಾಡಿಗೆ ಹೋಗಿತ್ತು. ಒಳಗೆ ಏಸಿ ಗುಂಯ್‌ಗುಡುತ್ತಿತ್ತು. ನನಗಾದ ಖುಷಿಯನ್ನು ಯಾಕೆ ಮುಚ್ಚಿಡಲಿ, ಮೂರು ವರ್ಷದಲ್ಲಿ ಅಷ್ಟು ಖುಷಿ ಆಗಿರಲಿಲ್ಲ. ಓಡಿಹೋಗಿ ಹೊರಿಗುಚಿಯನ್ನು ಕುರ್ಚಿಯಿಂದ ಎಬ್ಬಿಸಿ, ಕಳ್ಳನನ್ನು ತೋರಿಸುತ್ತೇನೆ ಬನ್ನಿ ಎಂದು ಕರೆತಂದೆ. ಸಾಕ್ಷಿಗಿರಲಿ ಎಂದು ದಾರಿಯಲ್ಲಿದ್ದ ನಾಲ್ಕು ಜನರನ್ನೂ ಕರೆದೆ. ಎಲ್ಲರ ಎದುರಿಗೆ ಗಾಡಿಯ ಪ್ಲಗ್ಗು ಕಿತ್ತೆ.

ಏಸಿ ನಿಂತಿತು. ಬಾಗಿಲು ತೆರೆದು ಫುಸಾಕೊ ಬಂದಳು. ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡಿದ್ದಳು, ತುಟಿ ಬಿಳಿಚಿತ್ತು. ನನ್ನ ಕೈಯಲ್ಲಿದ್ದ ವೈರನ್ನು ನೋಡಿ ಮೆಟ್ಟಿಲ ಮೇಲೇ ಕುಸಿದು ಕೂತಳು.

ಅಷ್ಟರಲ್ಲಿ ಹೊರಿಗುಚಿ ವೈರಿನ ಇನ್ನೊಂದು ತುದಿಯನ್ನು ಹುಡುಕಿಕೊಂಡು ಹೋಗಿದ್ದ. ಅದು ಹೂವಿನ ಪಾತಿ ದಾಟಿ ಹತ್ಸುಯೆಯ ಅಂಗಡಿಯೊಳಗೆ, ಫ್ರೀಜರಿನ ಪ್ಲಗ್ಗಿನ ಜಾಗದಲ್ಲಿ ಸಿಕ್ಕಿತು. ಫ್ರೀಜರಿನ ಪ್ಲಗ್ಗನ್ನು ಕಿತ್ತು ಪಕ್ಕಕ್ಕಿಟ್ಟಿತ್ತು. ಅಂಗಡಿಯ ಮುಂದೆ ಬಂದು ನಿಂತವರಿಗೆಲ್ಲಾ ಹತ್ಸುಯೆ ಮೆಲ್ಲಗೆ ವಿಷಯ ಹೇಳಿದಳು. ಫುಸಾಕೊ ಒಂದು ದಿನ ಅಂಗಡಿ ಮುಂದೆ ಬೆವರೂ ಬಾರದೆ ಕೆಂಪಗೆ ಕಾದು ಬಿದ್ದಿದ್ದಳಂತೆ. ಗಂಡನಿಗೆ ಹೇಳಬೇಡಿ ಎಂದು ಕೈಹಿಡಿದಳಂತೆ. ಗಂಡ ಸ್ನಾನಕ್ಕೆ ಹೋದ ಹೊತ್ತು ಮಾತ್ರ ಹತ್ಸುಯೆ ವೈರು ಕೊಡುತ್ತಿದ್ದಳು. ಎರಡು ಸಲ ಟ್ರಿಪ್ ಆದ ಮೇಲೆ ಮೂರನೆಯದು ಆಗದಿರಲೆಂದು, ಆ ಹೊತ್ತಿಗೆ ತನ್ನ ಫ್ರೀಜರನ್ನೇ ಆರಿಸುತ್ತಿದ್ದಳು. ಮೆತ್ತಗಾದ ಬಿಲ್ಲೆಗಳನ್ನು ಮನೆಗೆ ಒಯ್ದು ತಾನೇ ತಿನ್ನುತ್ತಿದ್ದಳು.

ನಾನು ಹಿಡಿದದ್ದು ಯಾರನ್ನು ಎಂದು ಆಗ ಗೊತ್ತಾಯಿತು. ನನ್ನ ಬಾಯಿಗೆ ಬೆಂಕಿ ಬೀಳಲಿ ಅನಿಸಿತು.

ಫುಸಾಕೊ ಗೋಡೆ ಹಿಡಿದುಕೊಂಡು ಬಂದು ಅಂಗಡಿಯ ಬೆಂಚಿನ ಮೇಲೆ ಕೂತಳು. ಇಗಾರಾಶಿಯೂ ಅದೇ ಹೊತ್ತಿಗೆ ಕತ್ತಿಗೆ ಟವೆಲು ಹಾಕಿಕೊಂಡು, ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿ ಬಂದ. ವಿಷಯ ತಿಳಿದವನೇ ಹೊರಿಗುಚಿಯ ಮುಂದೆ ಸೊಂಟ ಮುರಿಯುವಷ್ಟು ಬಗ್ಗಿದ. ಕಂಪನಿಯಲ್ಲಿ ಮೂವತ್ತು ವರ್ಷ ಬಗ್ಗಿ ಪಳಗಿದ ಸೊಂಟ. ತನ್ನ ಹೆಂಡತಿ ತಿಳಿಗೇಡಿ, ಲೋಕಜ್ಞಾನವಿಲ್ಲ, ದಯವಿಟ್ಟು ಮನ್ನಿಸಬೇಕು ಎಂದ. ಆಕೆ ಮೂರು ಮಾರು ದೂರದಲ್ಲಿ ತಲೆ ಹಿಡಿದು ಕೂತಿದ್ದಳು. ಅವನು ಅತ್ತ ತಿರುಗಿಯೂ ನೋಡಲಿಲ್ಲ. ಫೋನು ತೆಗೆದು ಲೆಕ್ಕ ಹಾಕತೊಡಗಿದ. ಯೂನಿಟ್ಟಿಗೆ ಮೂವತ್ತೊಂದು ಯೆನ್, ಏಸಿಗೆ ಗಂಟೆಗೆ ಅರ್ಧ ಯೂನಿಟ್ಟು, ದಿನಕ್ಕೆ ಒಂದೂವರೆ ಗಂಟೆ, ಇವತ್ತೂ ಸೇರಿ ಹನ್ನೊಂದು ದಿನ. ಇನ್ನೂರ ಐವತ್ತಾರು ಯೆನ್.

ದುಡ್ಡಿನ ಮಾತಲ್ಲ ಎಂದ ಹೊರಿಗುಚಿ. ತಂಗುದಾಣದ ಕರೆಂಟನ್ನು ಹೊರಗಿನವರಿಗೆ ಹಂಚಿದ್ದು ಕರಾರಿಗೆ ವಿರುದ್ಧ, ಹತ್ಸುಯೆ ಶುಕ್ರವಾರದೊಳಗೆ ಅಂಗಡಿ ಬಿಡಬೇಕು. ಹತ್ಸುಯೆ ಆಗಲಿ ಎಂದು ತಲೆ ಬಾಗಿಸಿ, ಸೌಟುಗಳನ್ನು ಒಂದೊಂದಾಗಿ ತೆಗೆದಿಡತೊಡಗಿದಳು.

“ವೈರು ಕೊಟ್ಟಿದ್ದು ನಾನು,” ಅಂದೆ.

ಹೊರಿಗುಚಿ ನನ್ನನ್ನೇ ನೋಡಿದ. “ಮಿತ್ಸುಯೊ-ಸಾನ್, ಕಳ್ಳನ್ನ ತೋರಿಸ್ತೀನಿ ಅಂತ ಕರ್ಕೊಂಡು ಬಂದೋರು ನೀವೇ ಅಲ್ವಾ?”

“ಹೌದು, ತೋರಿಸ್ದೆ. ನಾನೇ ಕಳ್ಳಿ. ಹತ್ಸುಯೆ ನನ್ನ ಉಳಿಸೋಕೆ ಸುಳ್ಳು ಹೇಳ್ತಿದಾಳೆ. ಎರಡು ಸಲ ಟ್ರಿಪ್ ಮಾಡಿಸಿದ್ದೂ ನಾನೇ. ಕೆಲಸದಿಂದ ತೆಗೀಬೇಕಾದ್ರೆ ನನ್ನ ತೆಗೀರಿ.”

ಅಲ್ಲಿ ನಿಂತಿದ್ದ ಒಬ್ಬರೂ ಅದನ್ನು ನಂಬಲಿಲ್ಲ. ಹೊರಿಗುಚಿಯಂತೂ ನಂಬಲೇ ಇಲ್ಲ. ಆದರೆ ಅವನ ತಲೆ ಎತ್ತ ಓಡಿತೆಂದು ನನಗೆ ಗೊತ್ತು. ಹತ್ಸುಯೆಯ ಜಾಗಕ್ಕೆ ಏಳು ಅರ್ಜಿ ಬಂದಿದ್ದವು. ನನ್ನ ಜೊತೆಗೆ ಇನ್ನೊಬ್ಬಳು ಬೇಕೆಂದು ಬಾಗಿಲಿಗೆ ಅಂಟಿಸಿದ ಚೀಟಿಗೆ ಮೂರು ವರ್ಷದಿಂದ ಒಂದು ನಾಯಿಯೂ ಬಂದಿರಲಿಲ್ಲ. ಓಬೊನ್ ರಜೆಗೆ ದಿನಕ್ಕೆ ಮೂರು ಸಾವಿರ ಜನ ಬರುತ್ತಾರೆ. ಹದಿನಾಲ್ಕು ಕಕ್ಕಸು. ಅವನ ಕಣ್ಣು ನನ್ನ ಮುಖದಿಂದ ಕೈಯ ರಬ್ಬರ್ ಗ್ಲೌಸಿಗೆ ಇಳಿಯಿತು.

“ಇನ್ಮೇಲೆ ಹೀಗೆ ಮಾಡ್ಬೇಡಿ,” ಅಂದ. ಹತ್ಸುಯೆ ಸೌಟನ್ನು ಕೈಯಲ್ಲೇ ಹಿಡಿದು ನಿಂತಳು. ಇಡಿ ಅಕ್ಕಾ ಅದನ್ನ ವಾಪಸ್ಸು, ಅಂದೆ.

ಇಷ್ಟಾದ ಮೇಲೂ ಇಗಾರಾಶಿಗೆ ಒಂದು ಕೊರಗು ಉಳಿದಿತ್ತು. ತಪ್ಪು ನನ್ನದೆಂದಾದ ಮೇಲೆ ದುಡ್ಡನ್ನು ನನ್ನ ಮುಂದೆ ಹಿಡಿದು, ರಸೀದಿ ಬೇಕು, ತಿಂಗಳ ಲೆಕ್ಕಕ್ಕೆ ಆಧಾರವಿರಬೇಕು ಎಂದ. ಹೊರಿಗುಚಿ ಪೀಡೆ ತೊಲಗಿದರೆ ಸಾಕೆಂದು ರಸೀದಿ ಪುಸ್ತಕ ತಂದು ಕೊಟ್ಟ. ನಾನು ದಿನಾಂಕ ಬರೆದೆ, ಇನ್ನೂರ ಐವತ್ತಾರು ಎಂದು ಬರೆದೆ. ಯಾವ ಬಾಬ್ತು ಎಂಬ ಕಡೆ ‘ಹೆಂಡತಿ ಹನ್ನೊಂದು ಮಧ್ಯಾಹ್ನ ಬದುಕಿದ ಬಾಬ್ತು’ ಎಂದು ದಪ್ಪಕ್ಷರದಲ್ಲಿ ಬರೆದು, ಮೊಹರು ಒತ್ತಿ ಹರಿದೆ.

ಇಗಾರಾಶಿ ಕೈ ಚಾಚಿದ. ಅವನಿಗಿಂತ ಮೊದಲು ಫುಸಾಕೊ ಎದ್ದು ಬಂದು ತೆಗೆದುಕೊಂಡಳು. ನಿಧಾನವಾಗಿ ಓದಿದಳು. ಓದಿ ನನಗೇ ಹಿಂದಿರುಗಿಸಿದಳು.

“ಹನ್ನೆರಡು ಅಂತ ತಿದ್ದಿ,” ಅಂದಳು. “ನಾಳೇನೂ ಸೆಕೆ ಇರುತ್ತಂತೆ.”

ಆಮೇಲೆ ಹೊರಿಗುಚಿಯ ಕಡೆ ತಿರುಗಿ, ಹತ್ಸುಯೆ-ಸಾನ್ ಫ್ರೀಜರಿಗೆ ತೊಂದರೆಯಾಗದ ಪ್ಲಗ್ಗು ಯಾವುದು ಎಂದು ಕೇಳಿದಳು. ಎಲ್ಲರೂ ನೋಡುತ್ತಿದ್ದರು. ಅವನು ಆಫೀಸಿನ ಹೊರಗೋಡೆಯ ಕಡೆ ಗದ್ದ ತೋರಿಸಿದ. ಫುಸಾಕೊ ವೈರನ್ನು ತೋಳಿಗೆ ಸುತ್ತಿಕೊಂಡು ಅತ್ತ ನಡೆದಳು. ಇಗಾರಾಶಿ ಎಲ್ಲ ಜೇಬಿಗೂ ಕೈ ಹಾಕಿ, ಇನ್ನೊಂದು ದಿನದ ಇಪ್ಪತ್ಮೂರು ಯೆನ್ ಚಿಲ್ಲರೆ ಹುಡುಕತೊಡಗಿದ.