ಮೂರು ಸೆಕೆಂಡಿನ ಮುಖ

ಟೀಚರ್ ಧ್ವನಿ ಬಹಳ ಸಣ್ಣದು. ಅಡುಗೆಮನೆಯಿಂದ ಅವಳು ಊಟಕ್ಕೆ ಕರೆದರೆ, ಅದು ನಡುಮನೆಯಲ್ಲಿದ್ದ ಗಂಡನ ಕಿವಿಗೆ ಬೀಳುವ ಹೊತ್ತಿಗೆ ಊಟ ಆರಿ ಹೋಗಿರುತ್ತಿತ್ತು. ಮದುವೆಯಾದ ಹೊಸದರಲ್ಲೇ ಅತ್ತೆ, "ಇವಳ ಜೊತೆ ಜಗಳ ಆಡೋಕೆ ಪಕ್ಕದಲ್ಲೇ ಹೋಗಿ ಕೂತ್ಕೋಬೇಕು. ಅಷ್ಟು ಹತ್ತಿರ ಕೂತ ಮೇಲೆ ಜಗಳ ಎಲ್ಲಿಂದ ಬರುತ್ತೆ?" ಎಂದು ಕೈಚೆಲ್ಲಿದ್ದರು. ಅಂಥವಳು ಹಿಡಿದ ಕೆಲಸ ಮಾತ್ರ ಪಾಠ ಹೇಳುವುದು. ಅದೂ ದಿನವಿಡೀ ದುಡಿದು ಬಂದ ಹನ್ನೊಂದು ಜನಕ್ಕೆ, ಸಂಜೆ ಆರರಿಂದ ಎಂಟರವರೆಗೆ, ಡ್ರೈಕ್ಲೀನಿಂಗ್ ಅಂಗಡಿಯ ಮಹಡಿಯ ಮೇಲೆ, ಕೆಳಗಿನ ಯಂತ್ರಗಳು ನೆಲ ನಡುಗಿಸುತ್ತಿರುವಾಗ, ಇಂಗ್ಲಿಷ್ ಪಾಠ.

ಆ ಗದ್ದಲದಲ್ಲಿ ಕಿರುಚಿ ಪಾಠ ಹೇಳುವುದು ಆಗದ ಮಾತು ಎಂದು ಅವಳಿಗೆ ಮೊದಲ ವರ್ಷವೇ ಗೊತ್ತಾಗಿತ್ತು. ಹಾಗಾಗಿ ಬೋರ್ಡನ್ನು ಬಿಟ್ಟುಕೊಟ್ಟು ಕೊನೆಯ ಬೆಂಚಿಗೆ ಹೋಗಿ ಕುಳಿತಳು. ಅಂದಿನ ಕೆಲಸ ಏನೆಂದು ಒಬ್ಬರ ಕಿವಿಯಲ್ಲಿ ಹೇಳುವಳು. ಅವರು ಮುಂದೆ ಹೋಗಿ ಉಳಿದವರಿಗೆ ಇಂಗ್ಲಿಷಿನಲ್ಲೇ ಹೇಳಬೇಕು, ಉಳಿದವರು ಪ್ರಶ್ನೆ ಕೇಳಬೇಕು. ಯಾರಾದರೂ ತಡವರಿಸಿದರೆ ಇವಳು ಬಾಯಿ ಹಾಕುವುದಿಲ್ಲ, ಸುಮ್ಮನೆ ಕಾಯುತ್ತಾಳೆ. ತೀರಾ ಆಗದಿದ್ದರೆ ಎದ್ದು ಹೋಗಿ, ಬಗ್ಗಿ, ಅರ್ಧ ಮಾತು ಕೊಟ್ಟು ಬರುತ್ತಾಳೆ. ಉಳಿದರ್ಧ ಅವರೇ ಹುಡುಕಿಕೊಳ್ಳಬೇಕು. ದರ್ಜಿ, ಲಿಫ್ಟ್ ನಡೆಸುವವ, ಆಸ್ಪತ್ರೆಯ ಆಯಾ, ಹೀಗೆ ಎಲ್ಲರೂ ಆ ಕೋಣೆಯಲ್ಲಿ ದೊಡ್ಡ ಗಂಟಲಿನಲ್ಲಿ ಮಾತಾಡುತ್ತಿದ್ದರು. ಗಂಟಲಿಲ್ಲದವಳು ಟೀಚರ್ ಒಬ್ಬಳೇ.

ಅವಳಿಗೊಂದು ಆಸೆ ಇತ್ತು. ಹೊರದೇಶಕ್ಕೆ ಹೋಗಿ ಹತ್ತು ತಿಂಗಳು ಇಂಗ್ಲಿಷ್ ಕಲಿಸುವ ಒಂದು ಫೆಲೋಶಿಪ್. ಇನ್ನೂರು ಗಂಟೆ ಪಾಠ ಮಾಡಿದ ದಾಖಲೆ ಬೇಕು, ಮೂವತ್ತೈದು ದಾಟಿರಬಾರದು, ಪರೀಕ್ಷಕರು ಒಂದು ಪಾಠ ನೋಡಬೇಕು, ಆಮೇಲೆ ಸಂದರ್ಶನ. ಎರಡು ಸಲ ಅರ್ಜಿ ಹಾಕಿದ್ದಳು. ಮೊದಲ ಸಲ ಪರೀಕ್ಷಕರು ಕೋಣೆಗೇ ಬಂದಿದ್ದರು. ಅವರೆದುರು ಬೋರ್ಡಿನ ಪಕ್ಕ ನಿಂತು ಕೂಗಲು ಹೋಗಿ ಗಂಟಲು ಒಡೆದು ಹೋಯಿತು. ಎರಡನೆಯ ಸಲ ಕಾಲರಿಗೆ ಮೈಕು ಸಿಕ್ಕಿಸಿಕೊಂಡಳು. ಆ ಮೈಕು ಅವಳಿಗಿಂತ ಹೆಚ್ಚು ಮಾತಾಡಿತು, ಕೀಂ ಎಂದು. ಎರಡೂ ಸಲ ಬಂದ ಷರಾ ಒಂದೇ: ಧ್ವನಿ ಸಾಲದು, ತರಗತಿಯ ಮೇಲೆ ಹಿಡಿತ ಕಾಣಲಿಲ್ಲ. ಅವಳಿಗೀಗ ಮೂವತ್ತನಾಲ್ಕು ತುಂಬಿ ಏಳು ತಿಂಗಳು. ಈ ಸಲ ಇಲ್ಲದಿದ್ದರೆ ಇನ್ನು ಯಾವತ್ತೂ ಇಲ್ಲ.

ಈ ಸಲ ನಿಯಮ ಬದಲಾಗಿತ್ತು. ಪರೀಕ್ಷಕರು ಬರುವುದಿಲ್ಲ, ನಲವತ್ತು ನಿಮಿಷದ ಪಾಠದ ವಿಡಿಯೊ ಕಳಿಸಬೇಕು. ಎಲ್ಲೂ ಕತ್ತರಿ ಹಾಕುವಂತಿಲ್ಲ, ಒಂದೇ ಓಟದಲ್ಲಿ ತೆಗೆದದ್ದಾಗಿರಬೇಕು. ಮನೆಯಲ್ಲೇ ವಿಡಿಯೊ ತೆಗೆಯುವ ಮೈದುನ ಇರುವಾಗ ಬೇರೆ ಯಾರನ್ನು ಹುಡುಕಿಕೊಂಡು ಹೋಗುವುದು?

ಎಡವಟ್ಟಾದದ್ದು ಇಲ್ಲೇ. ಮೈದುನನದು ಮದುವೆ ವಿಡಿಯೊ ತೆಗೆಯುವ ಕೆಲಸ, ಹದಿನಾಲ್ಕು ವರ್ಷದಿಂದ. ಆ ಕಸುಬಿನಲ್ಲಿ ಅವನು ಕಲಿತ ನೀತಿ ಒಂದೇ: ಮದುಮಕ್ಕಳು ಎಲ್ಲಿಗೂ ಓಡಿ ಹೋಗುವುದಿಲ್ಲ, ಆದರೆ ಬಂದ ನೆಂಟರಲ್ಲಿ ಒಂದು ಮುಖ ತಪ್ಪಿದರೂ ಮಾರನೆಯ ಬೆಳಿಗ್ಗೆ ಫೋನು ತಪ್ಪುವುದಿಲ್ಲ. ಹಿಂದೊಮ್ಮೆ ಯಾರದೋ ದೊಡ್ಡಪ್ಪ ಬಿಟ್ಟುಹೋಗಿ ಎರಡು ಮನೆಗಳ ನಡುವೆ ಮಾತೇ ನಿಂತಿತ್ತಂತೆ. ಅಂದಿನಿಂದ ಅವನ ಕ್ಯಾಮೆರಾ ಮದುಮಗಳನ್ನು ಬಿಟ್ಟರೂ ನೆಂಟರನ್ನು ಬಿಡುವುದಿಲ್ಲ. ಪ್ರತಿಯೊಬ್ಬರಿಗೂ ಕನಿಷ್ಠ ಮೂರು ಸೆಕೆಂಡು ಕೊಡಲೇಬೇಕು. ಅತ್ತಿಗೆಗೆ ಇದು ಗೊತ್ತಿರಲಿಲ್ಲವೆಂದಲ್ಲ. ಅವಳ ಸ್ವಂತ ಮದುವೆಯ ವಿಡಿಯೊದಲ್ಲಿ ಅವಳಿದ್ದದ್ದು ಒಟ್ಟು ನಾಲ್ಕು ನಿಮಿಷ. ಆದರೆ ಆಸೆ ಕಣ್ಣಿಗೆ ಕಟ್ಟಿದಾಗ ಹಳೆಯದೆಲ್ಲ ಎಲ್ಲಿ ನೆನಪಾಗುತ್ತದೆ?

ವಿಡಿಯೊ ತೆಗೆಯುವ ದಿನ ಹನ್ನೊಂದು ಜನವೂ ತಲೆ ಬಾಚಿ, ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದರು. ದರ್ಜಿಯಂತೂ ನೀಲಿ ಕೋಟಿನಲ್ಲಿ ಮಿಂಚುತ್ತಿದ್ದ. ಎರಡು ತಿಂಗಳಿಂದ ಮನೆಯ ತಾರಸಿಯ ಮೇಲೆ ನೀರಿನ ಟ್ಯಾಂಕಿನೆದುರು ನಿಂತು ಕೂಗಿ ಕೂಗಿ ಅಭ್ಯಾಸ ಮಾಡಿದ್ದ ಟೀಚರ್, ಬೋರ್ಡಿನ ಪಕ್ಕ ನಿಂತು ಗಟ್ಟಿಯಾಗಿ ಶುರುಮಾಡಿದಳು. ಆರು ನಿಮಿಷ ಎಲ್ಲ ಸರಿಯಾಗಿಯೇ ನಡೆಯಿತು. ಏಳನೆಯ ನಿಮಿಷಕ್ಕೆ ಗಂಟಲು ಕೈಕೊಟ್ಟಿತು. ಕಾಲು ತಾನಾಗಿಯೇ ಅವಳನ್ನು ಕೊನೆಯ ಬೆಂಚಿಗೆ ಕರೆದುಕೊಂಡು ಹೋಯಿತು. ಉಳಿದದ್ದು ದಿನದ ಪಾಠದ ಹಾಗೇ ನಡೆದುಹೋಯಿತು. ಮೈದುನ ಒಮ್ಮೆಯೂ ನಿಲ್ಲಿಸದೆ ತೆಗೆದು, "ಸೂಪರ್ ಅತ್ತಿಗೆ! ಒಂದು ಹಾಡು ಹಾಕೋಕೆ ಬಿಟ್ಟಿದ್ರೆ ಇನ್ನೂ ಚೆನ್ನಾಗಿರ್ತಿತ್ತು," ಎಂದವನೇ ಕ್ಯಾಮೆರಾ ಚೀಲ ಹೆಗಲಿಗೇರಿಸಿ, ನಾಲ್ಕು ಮದುವೆ ಒಪ್ಪಿಕೊಂಡಿದ್ದ ಊರಿಗೆ ಹೊರಟುಹೋದ. ವಿಡಿಯೊ ಇದ್ದ ಕಾರ್ಡು ಅವನ ಜೊತೆಯಲ್ಲೇ ಹೋಯಿತು.

ಅವನು ತಿರುಗಿ ಬಂದದ್ದು ಕೊನೆಯ ದಿನ, ಮಧ್ಯಾಹ್ನ ಮೂರು ಗಂಟೆಗೆ. ಅರ್ಜಿ ಐದಕ್ಕೆ ಮುಚ್ಚುತ್ತಿತ್ತು. ಮನೆಯವರೆಲ್ಲ ಲ್ಯಾಪ್‌ಟಾಪಿನ ಮುಂದೆ ಸೇರಿದರು. ಪರದೆಯ ಮೇಲೆ ದರ್ಜಿಯ ಮುಖ ಬಂತು. ಆಯಾಳ ಮುಖ ಬಂತು. ಲಿಫ್ಟಿನವನು ಆಕಳಿಸಿ ಬಾಯಿ ಮುಚ್ಚಿಕೊಂಡದ್ದು ಬಂತು. ಆ ಆರು ನಿಮಿಷ ಟೀಚರ್ ಜೀವ ಹಿಂಡಿಕೊಂಡು ಬೋರ್ಡಿನ ಪಕ್ಕ ಕೂಗಿದ್ದಳಲ್ಲ, ಆಗಲೂ ಕ್ಯಾಮೆರಾ ಅವಳ ಕಡೆ ಬೆನ್ನು ಹಾಕಿ ನೆಂಟರನ್ನೇ ನೋಡುತ್ತಿತ್ತು. ಹನ್ನೆರಡು ನಿಮಿಷದಲ್ಲಿ ಅವಳದೆಂದು ಕಂಡದ್ದು ಒಂದು ಮೊಣಕೈ, ಒಂದು ತುರುಬು. ಅವಳು ತಟ್ಟನೆ ವಿಡಿಯೊ ನಿಲ್ಲಿಸಿದಳು.

"ಇದೇನೋ ಮಾಡಿದ್ದೀಯ? ಪಾಠ ಮಾಡೋಳು ನಾನು ಕಣೋ! ನನ್ನನ್ನ ನೋಡಿ ಆರಿಸೋದು ಅವರು! ನಾನೇ ಇಲ್ವಲ್ಲೋ ಇದರಲ್ಲಿ!"

"ಅತ್ತಿಗೆ, ಅದು..."

"ಇನ್ನೇನೂ ಹೇಳ್ಬೇಡ ನೀನು! ನನ್ನ ಜೀವನದಲ್ಲಿ ಇದೊಂದೇ ಕೇಳಿದ್ದು ನಿನ್ನನ್ನ!"

ಆ ಹೊತ್ತು ಅವಳ ಧ್ವನಿ ಕೆಳಗಿನ ಮನೆಯವರಿಗೂ ಕೇಳಿಸಿತು. ಪರೀಕ್ಷಕರು ಇರಬೇಕಾಗಿದ್ದದ್ದು ಆಗ. ಮೈದುನ ಮೂರು ಸಲ ಬಾಯಿ ತೆರೆದ, ಮೂರು ಸಲವೂ ಮುಚ್ಚಿಕೊಂಡ. ಆಮೇಲೆ ಹೋಗಿ ಮೂಲೆಯ ಸ್ಟೂಲಿನ ಮೇಲೆ ಕುಳಿತ. ಕಳಿಸುವುದೇ ಬೇಡ ಎಂದು ಅವಳು ಲ್ಯಾಪ್‌ಟಾಪ್ ಮುಚ್ಚಲು ಹೋದಾಗ, ಅತ್ತೆ ಕೈ ಅಡ್ಡ ಹಿಡಿದರು.

"ಕಳಿಸದೇ ಇದ್ರೆ ಖಂಡಿತ ಇಲ್ಲ. ಕಳಿಸಿದ್ರೆ ಬಹುಶಃ ಇಲ್ಲ. ನನಗೇನೋ ಬಹುಶಃ ಅನ್ನೋದೇ ವಾಸಿ ಅನ್ಸುತ್ತಪ್ಪ."

ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು, ಹೆಚ್ಚು ಮಾತಿನವನಲ್ಲ. ಹೆಂಡತಿಯ ಮುಖವನ್ನೊಮ್ಮೆ ನೋಡಿದ, ಗಡಿಯಾರವನ್ನೊಮ್ಮೆ ನೋಡಿದ, ಕಳಿಸುವ ಗುಂಡಿ ಒತ್ತಿಬಿಟ್ಟ.

ಇಪ್ಪತ್ತಾರು ದಿನ ಕಳೆದ ಮೇಲೆ ಸಂದರ್ಶನಕ್ಕೆ ಕರೆ ಬಂತು. ಬಂದದ್ದೇ ಆಶ್ಚರ್ಯ. ಇನ್ನು ವಿಡಿಯೊ ಬಗ್ಗೆ ಕೇಳದೆ ಬಿಡುತ್ತಾರೆಯೇ? ಅದಕ್ಕೆ ಟೀಚರ್ ಒಂದು ಉತ್ತರ ಬರೆದು ಬಾಯಿಪಾಠ ಮಾಡಿಕೊಂಡಳು: ಚಿತ್ರೀಕರಿಸಿದವರಿಗೆ ಅನುಭವ ಇರಲಿಲ್ಲ, ದಯವಿಟ್ಟು ಅದನ್ನು ನನ್ನ ಲೆಕ್ಕಕ್ಕೆ ಹಿಡಿಯಬೇಡಿ. ಬೆಳಿಗ್ಗೆ ಹತ್ತಕ್ಕೆ ಸಂದರ್ಶನ. ನಡುಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಅವಳು ಕುಳಿತಾಗ ಲ್ಯಾಪ್‌ಟಾಪಿನ ಹಿಂದೆ ಮೈದುನ ಬಂದು ನಿಂತ. ಆ ಜಗಳದ ನಂತರ ಅವನು ಅವಳ ಜೊತೆ ಎಣಿಸಿ ಎಣಿಸಿ ಮಾತಾಡುತ್ತಿದ್ದ. ಆದರೂ ಅವಳ ಮುಖಕ್ಕೆ ಬೆಳಕು ಸರಿಯಾಗಿ ಬೀಳಲೆಂದು ಕಿಟಕಿಗೆ ಬಿಳಿ ಚಾದರ ಕಟ್ಟಿ, ಮದುವೆ ಮನೆಯ ದೀಪವೊಂದನ್ನು ಕೈಯಲ್ಲಿ ಎತ್ತಿ ಹಿಡಿದಿದ್ದ. ಸ್ಟ್ಯಾಂಡು ಮುರಿದಿತ್ತಂತೆ.

ಪರದೆಯಲ್ಲಿ ಮೂವರಿದ್ದರು. ಮಾತೆಲ್ಲ ಇಂಗ್ಲಿಷಿನಲ್ಲಿ, ಅದರ ಸಾರವನ್ನಷ್ಟೇ ಇಲ್ಲಿ ಹೇಳಬೇಕು. ನಡುವೆ ಕುಳಿತಿದ್ದ ಹಿರಿಯ ಹೆಂಗಸು ನೇರವಾಗಿ ವಿಷಯಕ್ಕೇ ಬಂದಳು. ನಲವತ್ತು ನಿಮಿಷದ ಪಾಠದಲ್ಲಿ ನೀವು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ನೀವು ಎಲ್ಲಿದ್ದಿರಿ?

ಬಾಯಿಪಾಠ ಮಾಡಿದ ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತು. ಟೀಚರ್ ತಲೆಯೆತ್ತಿದಳು. ದೀಪದ ಭಾರಕ್ಕೆ ಮೈದುನನ ಕೈ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಇನ್ನೊಂದು ಕೈಯಿಂದ ಅದಕ್ಕೆ ಆಸರೆ ಕೊಟ್ಟುಕೊಂಡು, ಬೆಳಕು ಅವಳ ಮುಖದಿಂದ ಕದಲದಂತೆ ನೋಡಿಕೊಳ್ಳುತ್ತಿದ್ದ. ಇಂಗ್ಲಿಷ್ ಅವನಿಗೆ ಅಷ್ಟಕ್ಕಷ್ಟೆ, ಬೈದರೂ ತಿಳಿಯುತ್ತಿರಲಿಲ್ಲ. ಆದರೆ ಅವಳಿಗೆ ತಿಳಿಯುತ್ತಿತ್ತಲ್ಲ. ಅವಳಿಗೆ ನಾಚಿಕೆಯಾಯಿತು.

"ಕೊನೆಯ ಬೆಂಚಿನಲ್ಲಿ," ಎಂದಳು. "ನಾನು ಯಾವಾಗಲೂ ಕೂರುವುದು ಅಲ್ಲೇ. ಮುಂದೆ ನಿಂತು ಮಾತಾಡಿದ್ದು ನಿಮಗೋಸ್ಕರ. ನನಗೆ ಕೂಗಲು ಬರುವುದಿಲ್ಲ."

ಮೂವರೂ ಏನೋ ಬರೆದುಕೊಂಡರು. ಬರೆದುಕೊಳ್ಳುವವರ ಮುಖ ನೋಡಿ ಯಾರೂ ಏನೂ ತಿಳಿಯಲಾರರು. ಮುಗಿಯಿತು ಅಂದುಕೊಂಡಳು. ಎಡಗಡೆಯ ಗಂಡಸು ಕೇಳಿದ: ಮೂವತ್ತೇಳನೆಯ ನಿಮಿಷದಲ್ಲಿ ದರ್ಜಿಯೊಬ್ಬ ಗಿರಾಕಿಗೆ ಫೋನು ಮಾಡುವ ಹಾಗೆ ನಟಿಸುತ್ತಾನೆ, ಕೋಟು ಇನ್ನೂ ಆಗಿಲ್ಲ ಎಂದು ಹೇಳಬೇಕು, ನಡುವೆ ನಿಂತುಬಿಡುತ್ತಾನೆ. ಐವತ್ತು ಸೆಕೆಂಡು ಯಾರೂ ಮಾತಾಡುವುದಿಲ್ಲ, ನಾವು ಗಡಿಯಾರ ಹಿಡಿದು ನೋಡಿದೆವು. ನೀವು ಯಾಕೆ ಸಹಾಯ ಮಾಡಲಿಲ್ಲ?

"ಅವನು ದರ್ಜಿ. ಹೊಲಿಗೆ ಎಲ್ಲಿ ತಪ್ಪಿತು ಅಂತ ಅವನಿಗೇ ಗೊತ್ತಾಗುತ್ತದೆ, ಅವನೇ ಬಿಚ್ಚಿ ಹೊಲಿಯುತ್ತಾನೆ. ನಾನು ಕಿತ್ತುಕೊಂಡು ಹೊಲಿದುಕೊಡಬಹುದು, ಆದರೆ ನಾಳೆ ನಿಜವಾದ ಫೋನು ಬಂದಾಗ ನಾನಿರುವುದಿಲ್ಲ," ಎಂದಳು. ಸ್ವಲ್ಪ ತಡೆದು, ಹೇಳಲೋ ಬೇಡವೋ ಎಂದು ನೋಡಿ, ಹೇಳಿಯೇಬಿಟ್ಟಳು. "ಆದರೆ ಅವತ್ತು ಅವನು ನಿಂತದ್ದು ಮಾತು ಬಾರದೆ ಅಲ್ಲ. ಆಗಿಲ್ಲ ಎಂದು ಹೇಳಬೇಕಾಗಿದ್ದ ಆ ಗಿರಾಕಿಯ ಕೋಟನ್ನೇ ಅವನು ಹಾಕಿಕೊಂಡು ಬಂದಿದ್ದ. ಮಾತಿನ ನಡುವೆ ಕೈ ಜೇಬಿಗೆ ಹೋದಾಗ ಅವನಿಗೇ ಅದು ನೆನಪಾಯಿತು."

ನಡುವಿನ ಹೆಂಗಸು ಕನ್ನಡಕ ತೆಗೆದು ಪಕ್ಕಕ್ಕಿಟ್ಟು ನಕ್ಕಳು. ಅದಕ್ಕೇ ಅಷ್ಟೊಂದು ನಗೆಯೋ! ಕೊನೆಗೆ ಅವನು, ಬುಧವಾರ ಬನ್ನಿ, ಇನ್ನೊಂದು ಸಲ ಇಸ್ತ್ರಿ ಮಾಡಿ ಕೊಡುತ್ತೇನೆ ಎಂದನಲ್ಲ! ಮೂವರೂ ನಗುವುದು ಮುಗಿದ ಮೇಲೆ ಅವಳು ಮತ್ತೆ ಕನ್ನಡಕ ಹಾಕಿಕೊಂಡು ಕೊನೆಯ ಪ್ರಶ್ನೆ ಕೇಳಿದಳು. ವಿಡಿಯೊ ಮುಗಿಯುವಾಗ ಕ್ಯಾಮೆರಾ ನಿಮ್ಮ ಕಡೆ ತಿರುಗುತ್ತದೆ, ಆಗ ನಿಮ್ಮ ಮನಸ್ಸಿನಲ್ಲಿ ಏನಿತ್ತು?

ಟೀಚರಿಗೆ ಹಾರಿಕೆಯ ಉತ್ತರ ಕೊಡುವ ಶಕ್ತಿ ಉಳಿದಿರಲಿಲ್ಲ. "ಗೊತ್ತಿಲ್ಲ. ಸಿಟ್ಟಿನಲ್ಲಿ ಹನ್ನೆರಡನೆಯ ನಿಮಿಷಕ್ಕೇ ನಿಲ್ಲಿಸಿದೆ. ಆಮೇಲೆ ನಾನು ಅದನ್ನು ನೋಡಿಯೇ ಇಲ್ಲ," ಎಂದಳು.

ನೋಡಿ, ಎಂದಳು ಆ ಹೆಂಗಸು.

ಆದರೂ ಅವಳು ನೋಡಲಿಲ್ಲ. ಫಲಿತಾಂಶ ಬರುವ ಮೊದಲು ನೋಡಿದರೆ ಎಲ್ಲಿ ಮನಸ್ಸು ಕೆಡುತ್ತದೋ ಎಂಬ ಭಯ. ಸಂದರ್ಶನಕ್ಕೆ ಕರೆ ಬಂದ ಹನ್ನೆರಡನೆಯ ದಿನ ಮಧ್ಯಾಹ್ನ, ಬಟ್ಟೆ ಒಣಹಾಕುತ್ತಿದ್ದಾಗ, ಮೊಬೈಲಿಗೆ ಪತ್ರ ಬಂತು. ನೀವು ಆಯ್ಕೆಯಾಗಿದ್ದೀರಿ ಎಂಬ ಸಾಲನ್ನು ಓದಿ, ಕೈಯಲ್ಲಿದ್ದ ಒದ್ದೆ ದಿಂಬಿನ ಚೀಲವನ್ನು ಹಾಗೇ ಎದೆಗವಚಿಕೊಂಡು ನಿಂತಳು. ಪತ್ರವನ್ನು ಮೇಲಿಂದ ಕೆಳಗೆ ಎರಡು ಸಲ ಹುಡುಕಿದಳು. ಹಿಡಿತ ಎಂಬ ಮಾತು ಎಲ್ಲೂ ಇರಲಿಲ್ಲ. ಆಮೇಲೆ ಅಳು ಬಂತು, ಅದೂ ಸಣ್ಣ ಧ್ವನಿಯಲ್ಲೇ. ಅತ್ತೆ ಹತ್ತಿರ ಬಂದು ನೋಡಿದ ಮೇಲೆಯೇ ಗೊತ್ತಾದದ್ದು.

"ಹತ್ತು ತಿಂಗಳು ಇನ್ನು ಯಾರ ಪಕ್ಕ ಕೂತು ಜಗಳ ಆಡ್ಲಿ ನಾನು?" ಎಂದು ಗದರಿ, ಅದೇ ದಿಂಬಿನ ಚೀಲದಲ್ಲಿ ಸೊಸೆಯ ಕಣ್ಣೊರೆಸಿದರು. "ಹೋಗಿ ಬಾ. ಮೂಲೇಲಿ ಕೂತ್ಕೊಂಡು ಅವರಿಗೂ ಕಲಿಸು."

ಅಂದು ಸಂಜೆ ತರಗತಿಗೆ ಹೊರಡುವ ಮುಂಚೆ ನಾಲ್ವರೂ ಕುಳಿತು ಪೂರ್ತಿ ವಿಡಿಯೊ ನೋಡಿದರು. ಹನ್ನೆರಡು ನಿಮಿಷ ದಾಟಿತು. ಆಯಾ ವೈದ್ಯರೆದುರು ಮಾತಾಡುವ ಹಾಗೆ ನಟಿಸಿದ್ದು ಬಂತು, ಅವಳ ಮಾತನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದ ಲಿಫ್ಟಿನವನ ತುಟಿಗಳು ಬಂದವು. ಪ್ರತಿದಿನ ನೋಡುವ ಮುಖಗಳು, ಆದರೂ ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ಅವಳು ಅವರನ್ನು ನೋಡಿರಲಿಲ್ಲ. ಹಿಂದಿನ ಬೆಂಚಿನಿಂದ ಕಾಣುವುದು ಬೆನ್ನುಗಳಲ್ಲವೇ? ದರ್ಜಿ ಜೇಬಿಗೆ ಕೈ ಹಾಕಿ ನಿಂತ. ಅತ್ತೆಯೂ ಉಸಿರು ಹಿಡಿದರು. ಐವತ್ತು ಸೆಕೆಂಡು. ಬುಧವಾರ ಬನ್ನಿ. ನಗೆ ಸಿಡಿಯಿತು, ಆ ನಗೆಯ ನಡುವೆ ಕ್ಯಾಮೆರಾ ಬೆಂಚುಗಳನ್ನು ಒಂದೊಂದಾಗಿ ದಾಟಿ ಕೊನೆಯ ಬೆಂಚಿಗೆ ಬಂದು ನಿಂತಿತು.

ಅಲ್ಲಿ ಒಬ್ಬಳು ಗಲ್ಲಕ್ಕೆ ಕೈಕೊಟ್ಟು ಕುಳಿತಿದ್ದಳು. ನಗುತ್ತಿದ್ದಳು. ಕ್ಯಾಮೆರಾ ಇದೆ ಎಂಬುದೂ ಅವಳಿಗೆ ಮರೆತುಹೋಗಿತ್ತು. ತರಗತಿಯಲ್ಲಿ ತನ್ನ ಮುಖ ಹೆದರಿಕೊಂಡವಳ ಮುಖದಂತಿರುತ್ತದೆ ಎಂದೇ ಟೀಚರ್ ಇಷ್ಟು ವರ್ಷ ತಿಳಿದಿದ್ದಳು. ಈ ಹೆಂಗಸಿಗೆ ಯಾವ ಹೆದರಿಕೆಯೂ ಇರಲಿಲ್ಲ. ತುಂಬ ಸುಖವಾಗಿದ್ದಳು. ಒಂದು, ಎರಡು, ಮೂರು, ಮುಗಿಯಿತು.

ಟೀಚರ್ ಮೈದುನನ ಕಡೆ ತಿರುಗಿದಳು.

"ಇದು ಇದೆ ಅಂತ ಅವತ್ತೇ ಯಾಕೋ ಹೇಳ್ಲಿಲ್ಲ? ಅಷ್ಟು ಬೈದೆನಲ್ಲ ನಿನ್ನನ್ನ."

"ಹೇಳೋಕೆ ಬಂದೆ, ನೀವು ಬಿಡ್ಲಿಲ್ಲ," ಎಂದ ಅವನು, ಕುತ್ತಿಗೆ ತುರಿಸಿಕೊಳ್ಳುತ್ತಾ. "ಆಮೇಲೆ ನಿಮ್ಮ ಕ್ಲಾಸಲ್ಲಿ ನೋಡಿದ್ದು ನೆನಪಾಯ್ತು. ಮಧ್ಯೆ ಬಾಯಿ ಹಾಕೋದು ಬೇಡ, ಅತ್ತಿಗೇನೇ ಕೊನೇ ತನಕ ನೋಡ್ತಾರೆ ಅಂತ ಕಾದೆ."

ಅವಳು ಲೆಕ್ಕ ಹಾಕಿದಳು. ಇಪ್ಪತ್ತಾರು, ಮತ್ತೆ ಹನ್ನೆರಡು. ಮೂವತ್ತೆಂಟು ದಿನ. ಐವತ್ತು ಸೆಕೆಂಡು ಕಾದದ್ದಕ್ಕೆ ಫೆಲೋಶಿಪ್ ಗಿಟ್ಟಿಸಿಕೊಂಡವಳು ಮೈದುನನ ಕೈ ಹಿಡಿದುಕೊಂಡು, "ತಪ್ಪಾಯ್ತು ಕಣೋ," ಎಂದಳು. ಹತ್ತಿರವೇ ಕುಳಿತಿದ್ದರಿಂದ ಅವನಿಗೆ ಅದು ಚೆನ್ನಾಗಿಯೇ ಕೇಳಿಸಿತು.